ಆಮೇಲೆ ಏನಾಯಿತು

ಯಾರಾದರೂ ಮಾತಾಡತೊಡಗಿದರೆ ನಮ್ಮ ಮೇಡಂ ಎಡಗೈಯ ತೋರುಬೆರಳನ್ನು ತುಟಿಗಳ ಮೇಲೆ ಅಡ್ಡ ಇಟ್ಟುಕೊಳ್ಳುತ್ತಿದ್ದರು. ಆ ಬೆರಳಿನ ಉಗುರು ಸೀಳಿತ್ತು, ಅಂಚಿಗೆ ನೀಲಿ ಶಾಯಿ. ಎದುರಿನವರ ವಾಕ್ಯವನ್ನು ತಾವೇ ಮುಗಿಸಿಬಿಡುವ ಚಾಳಿಗೆ ಹಾಕಿದ ಅಗಳಿ ಅದು ಎನ್ನುತ್ತಿದ್ದರು.

ಭಾಷಾಶಾಸ್ತ್ರ ಕಲಿಸಿ ನಿವೃತ್ತರಾದವರು. ಉಪ್ಪಲ್‌ನಲ್ಲಿ ಒಬ್ಬರೇ ಇದ್ದು, ಹೈದರಾಬಾದಿಗೆ ಕೂಲಿಗೆ ಬಂದ ನಮ್ಮ ಕಡೆಯವರ ಕನ್ನಡಕ್ಕೆ ವ್ಯಾಕರಣ ಬರೆಯುತ್ತಿದ್ದರು. ಜನ ಹೇಗೆ ಬೇಡುತ್ತಾರೆ, ಅಪ್ಪಣೆ ಕೊಡುತ್ತಾರೆ, ಕರೆಯುತ್ತಾರೆ, ಒಲ್ಲೆ ಎನ್ನುತ್ತಾರೆ, ಇದಕ್ಕೆಲ್ಲ ಭಾಷೆ ಯಾವ ರೂಪ ಇಟ್ಟುಕೊಂಡಿದೆ ಎಂಬುದು ಕೊನೆಯ ಅಧ್ಯಾಯ. ಒಂದೊಂದು ವಾಕ್ಯಕ್ಕೂ ಒಂದು ಚೀಟಿ: ಯಾರು, ಯಾರಿಗೆ, ಏನೆಂದರು. ಕೆಳಗೆ ಇನ್ನೊಂದು ಸಾಲು: ಆಮೇಲೆ ಏನಾಯಿತು. ಅದು ಖಾಲಿಯಿದ್ದ ಚೀಟಿ ಪುಸ್ತಕಕ್ಕೆ ಸೇರುತ್ತಿರಲಿಲ್ಲ.

"ಮಾತು ಆಡಿದವರ ಬಾಯಾಗ ಮುಗಿಯಂಗಿಲ್ಲರಿ," ಎನ್ನುತ್ತಿದ್ದರು. ವಿದ್ಯಾರ್ಥಿಗಳಿಗೂ ಅವರದು 'ರಿ' ಹಚ್ಚಿದ ಮಾತೇ.

ನಾನಿದ್ದದ್ದು ಕೂಕಟ್‌ಪಲ್ಲಿಯ ಹಾಸ್ಟೆಲಿನಲ್ಲಿ. ವಾರವೆಲ್ಲ ತೆಲುಗು, ಹಿಂದಿ. ಭಾನುವಾರ ಮೆಟ್ರೊ ಹಿಡಿದು, ಚೀಟಿ ಬರೆದುಕೊಡಲು ಅವರಲ್ಲಿಗೆ ಹೋದರೆ ಬಾಯಿಗೆ ಕನ್ನಡ. ಒಮ್ಮೆ ಅವರ ಬೀದಿಯಲ್ಲಿ ಮನೆ ಕಟ್ಟುವ ಕೆಲಸಕ್ಕೆ ಬಂದಿದ್ದ ಯಾದಗಿರಿಯ ಹೆಂಗಸನ್ನು ಕೇಳಿದೆ: "ಅವ್ವಾ, ನಿಮಗ ನೀರು ಬೇಕಾದ್ರ ಹೆಂಗ ಕೇಳ್ತೀರಿ?"

ಆಕೆ ಸಿಮೆಂಟಿನ ಕೈ ಒರೆಸಿಕೊಂಡು ಎದ್ದು, ಚೊಂಬು ತಂದು ಹಿಡಿದಳು. "ನೀರಡಿಸಿದ್ರ ಕುಡಿ ತಂಗಿ. ಕಾಲೇಜಿನ್ಯಾಗ ನೀರು ಕೇಳೂದೂ ಕಲಿಸ್ತಾರೇನ?"

ನನ್ನ ಪಕ್ಕದಲ್ಲಿದ್ದ ಮೇಡಂ ಬೆರಳು ತೆಗೆದು ನಕ್ಕರು. "ಮೊದಲ ಕುಡೀರಿ, ಆಮ್ಯಾಗ ಬರೀರಿ." ಚೀಟಿಯ ಕೊನೆಯ ಸಾಲು ಅವರೇ ತುಂಬಿದರು: ನೀರು ಬಂತು.

ಕರೆಯುವುದರ ಬಗ್ಗೆ ಪುಟಗಟ್ಟಲೆ ಬರೆದವರು ನನ್ನನ್ನು ಒಮ್ಮೆಯೂ ಬನ್ನಿ ಎಂದು ಕರೆದಿರಲಿಲ್ಲ. ಹೊರಟಾಗ 'ಹೂಂ' ಎಂದು ಬಾಗಿಲು ಹಾಕಿಕೊಳ್ಳುವರು. ನನ್ನ ದಿನಚರಿಯಲ್ಲಿ ಹೋದ ಭಾನುವಾರಗಳಿಗೆ ಒಂದೊಂದು ಗೆರೆ. ಪಕ್ಕದಲ್ಲಿ ಕರೆದದ್ದಕ್ಕೆಂದು ಬಿಟ್ಟ ಜಾಗ ಬರಿದು. ನಾನು ಅವರಿಗೆ ಬೇಕೋ, ಸಹಿಸಿಕೊಂಡಿದ್ದಾರೋ? ತಡೆಯಲಾಗದೆ ಒಂದು ದಿನ ಕೇಳಿಯೇಬಿಟ್ಟೆ: "ಮೇಡಂ, ಮುಂದಿನ ವಾರ ಬರ್ಲೇನ್ರಿ?"

ತುಟಿಯ ಮೇಲಿನ ಬೆರಳು ತೆಗೆದರು. "ಕರದ್ರ ಕಾಯಬೇಕಾಗ್ತದರಿ. ನೀವು ಬರಲಿಲ್ಲಂದ್ರ ಆ ಸಾಲಿನ್ಯಾಗ ನಾ ಏನು ಬರೀಲಿ?"

ನಾನು ಕೇಳುವುದು ಬಿಟ್ಟೆ, ಹೋಗುವುದು ಬಿಡಲಿಲ್ಲ.

ಈ ಮಳೆಗಾಲದಲ್ಲಿ ಅವರಿಗೆ ಕೆಮ್ಮು ಹತ್ತಿ ಇಳಿಯಲಿಲ್ಲ. ಗಂಜಿ ಕಾಯಿಸಿಟ್ಟು ಹೊರಟೆ. ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದರು.

"ಬರೂ ಭಾನುವಾರ ಬಾ."

"ಬರ್ತೀನ್ರಿ," ಎಂದೆ. ರೈಲಿನಲ್ಲಿ ಕೂತು, ಅವರು ಕಲಿಸಿದಂತೆಯೇ ಚೀಟಿ ಬರೆದೆ: ಯಾರು, ಯಾರಿಗೆ, ಏನೆಂದರು.

ಭಾನುವಾರ ಬಾಗಿಲಿಗೆ ಬೀಗವಿತ್ತು. ಶುಕ್ರವಾರ ಬೆಳಿಗ್ಗೆಯೇ ಹೋಗಿಬಿಟ್ಟರೆಂದು, ಅವರ ಸಂಬಂಧಿಕರು ಬಂದು ಎಲ್ಲ ಮುಗಿಸಿದರೆಂದು ಎದುರುಮನೆಯಾಕೆ ತೆಲುಗಿನಲ್ಲಿ ಹೇಳಿದರು. ನಾನು ಮೆಟ್ಟಿಲ ಮೇಲೆ ಕೂತು ಚೀಟಿ ತೆಗೆದೆ. ಕೊನೆಯ ಸಾಲು ಖಾಲಿ ಬಿಡುವಂತಿರಲಿಲ್ಲ. ಅವರು ಬರೆಯಬೇಕಿದ್ದುದನ್ನು ನಾನೇ ಬರೆದೆ: ಬಂದಳು.