ಗೋಲಿನ ಗೆರೆ ದಾಟಿದ ಗಿಟಕು

ನಮ್ಮ ಯಜಮಾನರಿಗೆ ಮನೆಯಲ್ಲಿ ಒಂದು ಕುರ್ಚಿಯಿತ್ತು, ತಾಲ್ಲೂಕು ಕಚೇರಿಯಲ್ಲಿ ಇನ್ನೊಂದು. ಆದರೆ ಅವರು ತಮ್ಮದು ಎಂದುಕೊಂಡಿದ್ದು ಮೈದಾನದಲ್ಲಿ ಗೋಲಿನ ಹಿಂದಿದ್ದ ಕಲ್ಲುಕಟ್ಟೆಯ ಎಡತುದಿಯನ್ನು. ಅರಸೀಕೆರೆಯಲ್ಲಿ ರೈಲು ಹಳಿಯ ಪಕ್ಕದ ಆ ಮೈದಾನದಲ್ಲಿ ನಮ್ಮ ಪೇಟೆಯ ಫುಟ್‌ಬಾಲ್ ಕ್ಲಬ್ ಆಡುವುದನ್ನು ಚಡ್ಡಿ ಹಾಕುವ ವಯಸ್ಸಿನಿಂದ ನೋಡಿದವರು ನಾಲ್ವರು. ಅವರಲ್ಲಿ ಇವರೊಬ್ಬರು. ಎಲ್ಲರಿಗಿಂತ ಹಿರಿಯರು ನಮ್ಮ ಎದುರುಮನೆಯ ಕೊಬ್ಬರಿ ವ್ಯಾಪಾರಿ. ಭಾನುವಾರ ನಾಲ್ಕು ಗಂಟೆಗೆ ಅವರು ಬೀದಿಯಿಂದಲೇ "ಏನ್ಲಾ, ಎದ್ದ್ಯಾ?" ಎಂದು ಕೂಗಿದರೆ ಇವರು ಅರ್ಧ ಲೋಟ ಕಾಫಿ ಬಿಟ್ಟು ಎದ್ದುಬಿಡುತ್ತಿದ್ದರು. ಉಳಿದ ಕಾಫಿಯನ್ನು ನಾನು ಕುಡಿಯುತ್ತಿದ್ದೆ.

ಫೈನಲ್ ಇದ್ದ ದಿನ ಗೋಲ್ ಕಂಬದ ಬುಡದ ಕಲ್ಲಿಗೆ ಕಾಯಿ ಒಡೆಯುವುದು ಈ ನಾಲ್ವರ ಪದ್ಧತಿ. ಒಂದೊಂದು ಸಲ ಒಬ್ಬೊಬ್ಬರ ಮನೆಯ ಕಾಯಿ. ತೊಂಬತ್ತರ ದಶಕದ ನಡುವೆ, ಬೇಲೂರಿನ ತಂಡದ ಮೇಲೆ ಫೈನಲ್ ಬಂದ ವರ್ಷ, ಸರದಿ ನಮ್ಮದಾಗಿತ್ತು.

ಹಿಂದಿನ ದಿನವಷ್ಟೇ ನಮ್ಮ ಮನೆಯಲ್ಲಿ ಅಟ್ಟದ ಕಾಯಿ ಇಳಿಸಿದ್ದೆವು. ಗಂಡಸಿ ಊರಿನ ತೋಟದಿಂದ ಬಂದ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಅದೇ ಗಿಟಕು. ಆಡಿಸಿದರೆ ಗಡಗಡ ಎನ್ನುತ್ತದೆ. ಸುಲಿದ ರಾಶಿ ಪಡಸಾಲೆಯಲ್ಲಿತ್ತು. ಪೂಜೆಯ ಹಸಿಕಾಯಿ ಅದರ ಪಕ್ಕದ ಬುಟ್ಟಿಯಲ್ಲಿತ್ತು. ಸುಲಿಯುವವನು ರಾಶಿಯ ಒಂದೆರಡು ಕಾಯಿಗೂ ಯಾಕೋ ಜುಟ್ಟು ಬಿಟ್ಟಿದ್ದ.

ಎದುರುಮನೆಯವರು ಮೊಪೆಡ್ ಆರಿಸದೆಯೇ ಬಾಗಿಲಿಗೆ ಬಂದರು. "ತಂಗ್ಯವ್ವ, ಕಾಯಿ ಕೊಡವ್ವ, ಹುಡುಗ್ರು ಆಗ್ಲೇ ಇಳ್ದವ್ರೆ!" ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಕೈಗೆ ಸಿಕ್ಕ ಜುಟ್ಟಿನ ಕಾಯಿ ಎತ್ತಿಕೊಟ್ಟೆ. ಅವರು ಅಭ್ಯಾಸಬಲದಿಂದ ಕಿವಿಯ ಹತ್ತಿರ ಹಿಡಿದು ಆಡಿಸಿದರು. ಗಡಗಡ ಎಂದದ್ದು ನನಗೂ ಕೇಳಿಸಿತು. ಅವರು "ಆಯ್ತು ಬುಡವ್ವ, ಹೊತ್ತಾಯ್ತು" ಎಂದು ಹೊರಟರು. ಕೊಬ್ಬರಿ ವ್ಯಾಪಾರಿಯೇ ಆಡಿಸಿ ನೋಡಿ ಒಪ್ಪಿಕೊಂಡ ಮೇಲೆ ನಾನೇನು ಹೇಳಲಿ ಎಂದು ಹಾಲಿನ ಕಡೆ ಓಡಿದೆ.

ಮೈದಾನದಲ್ಲಿ ಆಗಿದ್ದನ್ನು ಊರೇ ಹೇಳುತ್ತದೆ. ಅವರು ಎತ್ತಿ ಬಡಿದರು. ಒಂದು ಹನಿ ನೀರು ಬೀಳಲಿಲ್ಲ. ಚಿಪ್ಪು ಎರಡಾಗಿ, ಕೊಬ್ಬರಿಯ ಉಂಡೆ ಇಡಿಯಾಗಿ ಹೊರಬಿದ್ದು, ಉರುಳುರುಳುತ್ತ ಹೋಗಿ ನಮ್ಮದೇ ಗೋಲಿನ ಗೆರೆ ದಾಟಿ ನಿಂತಿತು. ಬೇಲೂರಿನ ಕಡೆಯವರು "ಗೋಲ್!" ಎಂದು ಕಿರುಚಿದರು. ಆಟವನ್ನೂ ಒಂದೇ ಗೋಲಿನಿಂದ ಸೋತೆವು.

ಸೋತ ಸಿಟ್ಟಿಗೆ ಒಂದು ಮನೆ ಬೇಕಿತ್ತು, ನಮ್ಮದು ಸಿಕ್ಕಿತು. ಮುಂದಿನ ಭಾನುವಾರ ಎದುರುಮನೆಯವರು ಕೂಗಲಿಲ್ಲ. ಇವರೇ ಹೋದರೆ ಕಟ್ಟೆಯ ಎಡತುದಿಯಲ್ಲಿ ಅವರು ಟವೆಲ್ ಹಾಸಿ ಕಾಲು ಚಾಚಿದ್ದರಂತೆ. "ಗಿಟಕಿನೋರ್ಗೆ ಇಲ್ಲಿ ಜಾಗ ಇಲ್ಲ ಕಣ್ಲಾ." ಉಳಿದಿಬ್ಬರು ನೆಲ ನೋಡಿದರಂತೆ. ಅಂದಿನಿಂದ ನಮ್ಮ ಯಜಮಾನರು ಮೈದಾನದ ಆಚೆ ಬದಿಯ ಪಂಪ್‌ಹೌಸ್ ಗೋಡೆಗೆ ಒರಗಿ ನಿಂತೇ ಆಟ ನೋಡಿದರು. ಆರು ವರ್ಷ.

ಕಾಯಿ ಆಡಿಸಿದ ಸಂಗತಿಯನ್ನು ನಾನು ಆ ದಿನವೇ ಇವರಿಗೆ ಹೇಳಿದ್ದೆ. "ಸುಮ್ನಿರು" ಎಂದರು. "ಅವನಿಗೆ ಕೊಬ್ಬರಿ ಮಂಡೀಲಿ ಹೆಸರಿದೆ. ಕೈಯಲ್ಲಿರೋ ಕಾಯಿ ಗೊತ್ತಾಗ್ಲಿಲ್ಲ ಅಂತ ಆಡ್ಕೋತಾರೆ." ಅವರ ಹೆಸರು ಉಳಿಯಿತು, ನಮ್ಮ ಮನೆಗೆ ಹೊಸ ಹೆಸರು ಬಂತು. ಎದುರುಮನೆಯಾಕೆ ನಲ್ಲಿಯ ಹತ್ತಿರ ನನ್ನ ಕೊಡ ಕಂಡರೆ ಸಾಕು: "ಬುಡ್ರಮ್ಮ, ಗಿಟಕು ಮನೆಯೋರ್ಗಿಂತ ಮೊದ್ಲು ನಾವು ಹಿಡ್ಕಳವ. ಅವ್ರ ಕೈಗೆ ಹೋದ್ರೆ ನೀರು ಇಂಗೋಯ್ತದೆ." ಮೊಸರಿಗೆ ಹೆಪ್ಪು ಕೇಳಿ ಬರುತ್ತಿದ್ದ ಹೆಂಗಸು ಅದನ್ನೂ ನಿಲ್ಲಿಸಿದಳು. ನಾನೂ ಬಾಗಿಲು ಸಾರಿಸಿದ ನೀರನ್ನು ಬೇಕೆಂತಲೇ ಅವರ ಮನೆ ಕಡೆಗೆ ಚೆಲ್ಲುತ್ತಿದ್ದೆ. ಸುಳ್ಳು ಯಾಕೆ ಹೇಳಲಿ.

ಹೊಸ ಶತಮಾನ ಬಂದ ಮೇಲೆ ಕ್ಲಬ್ ಕೊನೆಗೂ ಕಪ್ ಗೆದ್ದಿತು, ಅದೂ ಬೇಲೂರಿನ ಮೇಲೆಯೇ. ಮುಂದಿನ ಭಾನುವಾರ ಬೆಳಗ್ಗೆ ಮೈದಾನದಲ್ಲಿ ಶಾಮಿಯಾನ ಹಾಕಿ, ಮೇಜಿನ ಮೇಲೆ ಕಪ್ ಇಟ್ಟು, ಹಳೆಯ ಅಭಿಮಾನಿಗಳನ್ನೆಲ್ಲ ಮಾತಿಗೆ ಕರೆದರು. ಕೇಸರಿಬಾತಿಗೆ ತುಪ್ಪ ಹಾಕಲು ಕೈ ಹಿಡಿದಿದ್ದರು, ಉಪ್ಪಿಟ್ಟು ಗಂಟುಗಂಟಾಗಿತ್ತು. ಒಬ್ಬರು, ಚೆಂಡು ಗೂಡ್ಸ್ ಗಾಡಿಯ ಮೇಲೆ ಬಿದ್ದು ಬೀರೂರಿಗೆ ಹೋದದ್ದನ್ನು ನೆನೆದರು. ಇನ್ನೊಬ್ಬರು, ಬರಿಗಾಲಿನ ಗೋಲ್‌ಕೀಪರ್ ಚೇಳು ಕಚ್ಚಿದ್ದರೂ ಆಡಿದ್ದನ್ನು ಹೇಳಿದರು. ನಮ್ಮ ಯಜಮಾನರು ಕೊನೆಯ ಸಾಲಿನಲ್ಲಿ ಕೂತು ಪ್ರತಿಯೊಂದಕ್ಕೂ ತಲೆಯಾಡಿಸುತ್ತಿದ್ದರು. ಎಲ್ಲಕ್ಕೂ ಅವರು ಸಾಕ್ಷಿ. ಅವರನ್ನು ಮಾತ್ರ ಯಾರೂ ಕರೆಯಲಿಲ್ಲ.

ಎದುರುಮನೆಯವರು ಮೈಕ್ ಹಿಡಿದರು. "ಆವತ್ತು ನಾವು ಸೋತಿದ್ದು ಬೇಲೂರಿನೋರ್ಗಲ್ಲ, ಒಂದು ಗಿಟಕಿಗೆ!" ಎಂದು ಉಂಡೆ ಉರುಳಿದ್ದನ್ನು ಕೈಯಲ್ಲಿ ಅಭಿನಯಿಸಿದರು. ಜನ ಬಿದ್ದುಬಿದ್ದು ನಕ್ಕರು. "ಈ ಸಲ ಆ ಮನೆ ಕಾಯಿ ಮೈದಾನದ ಗೇಟೂ ದಾಟ್ಲಿಲ್ಲ. ಅದ್ಕೇ ನೋಡಿ ಕಪ್ ಬಂತು!"

ಹೆಂಗಸರ ಸಾಲಿನಲ್ಲಿ ಕೂತಿದ್ದ ನಾನು ಎದ್ದೆ. ಮೈಕ್ ಬೇಕಾಗಲಿಲ್ಲ.

"ಅಣ್ಣೋರೆ, ಆ ಕಾಯಿ ಕೊಟ್ಟೋಳು ನಾನು. ತಪ್ಪು ನಂದೇ. ಇಸ್ಕೊಂಡೋರು ಯಾರು? ಕಿವಿ ಹತ್ರ ಹಿಡಿದು ಆಡಿಸ್ದೋರು ಯಾರು?"

"ನಾನೆಲ್ಲಿ ಆಡಿಸ್ದೆ!" ಎಂದು ಅವರು ತಟ್ಟನೆ ಅಂದರು.

ಅಲ್ಲಿ ಕೂತವರಲ್ಲಿ ಅರ್ಧ ಜನ ಮಂಡಿಯವರು. ಹಿಂದಿನಿಂದ ಯಾರೋ, "ಕೊಬ್ರಿ ಯಾಪಾರಿ ಆಡಿಸ್ದೆ ಕಾಯಿ ಇಸ್ಕಂಡ್ರಂತೆ ಕಣ್ರಪ್ಪಾ!" ಎಂದರು. ನಗೆ ಈ ಸಲ ಆ ಕಡೆ ತಿರುಗಿತು. ಆಡಿಸಿದೆ ಎಂದರೂ ಕೆಟ್ಟರು, ಇಲ್ಲ ಎಂದರೂ ಕೆಟ್ಟರು. ಮೈಕ್ ಮೇಜಿನ ಮೇಲಿಟ್ಟು, "ಹೆಂಗಸ್ರಿಗೆ ಇಲ್ಲೇನು ಕೆಲ್ಸ" ಎಂದು ಗೊಣಗಿ ಕೂತರು.

ಮನೆಗೆ ಬರುವ ದಾರಿಯಲ್ಲಿ ಯಜಮಾನರು ನನ್ನ ಮೇಲೆ ಹಾರಾಡಿದರು. "ಹೇಳು ಅಂತ ನಾನು ಕೇಳಿದ್ನಾ?"

"ಆರು ವರ್ಷ ಆ ಗೋಡೆಗೆ ಒರಗಿ ಒರಗಿ ಅಂಗಿಗೆಲ್ಲ ಸುಣ್ಣ ಮೆತ್ತಿಸ್ಕೊಂಡು ಬರ್ತಿದ್ರಲ್ಲ, ಉಜ್ಜಿ ಒಗೆದೋಳು ನಾನು" ಎಂದೆ.

ಆದರೆ ಮುಂದಿನ ಭಾನುವಾರ ನಾಲ್ಕಕ್ಕೆ ಕಾಫಿ ಪೂರ್ತಿ ಕುಡಿದು, ಯಾರೂ ಕೂಗದೆಯೇ ಎದ್ದು ಹೋದರು. ಅಂಗಿ ಸುಣ್ಣವಿಲ್ಲದೆ ಮನೆಗೆ ಬಂತು. ಎಡತುದಿಯಲ್ಲಿ ಕೂತರಂತೆ, ಎದುರುಮನೆಯವರು ಬಲತುದಿಗೆ ಸರಿದು ಮುಖ ತಿರುಗಿಸಿದರಂತೆ. ನಡುವೆ ಉಳಿದಿಬ್ಬರು.

ಮತ್ತೆ ಫೈನಲ್ ಬಂದದ್ದು ಎರಡು ವರ್ಷಕ್ಕೆ. ಈ ಸಲ ಸರದಿ ನಮ್ಮ ಮನೆಯದೇ ಎಂದು ಉಳಿದಿಬ್ಬರು ಹೇಳಿದರಂತೆ. ಬೇರೆಯವರನ್ನು ಕಳಿಸಿದರೆ ಹೆದರಿದರು ಎನ್ನುತ್ತಾರೆಂದೋ ಏನೋ, ಎದುರುಮನೆಯವರೇ ಬಂದರು. ಮೊಪೆಡ್ ಆರಿಸಿದರು. ಹೊಸ್ತಿಲಾಚೆಯೇ ನಿಂತರು. ತಂಗ್ಯವ್ವ ಎನ್ನಲಿಲ್ಲ.

ಬುಟ್ಟಿಯಿಂದ ಜುಟ್ಟಿನ ಕಾಯಿ ತೆಗೆದು, ಕೊಡುವ ಮುಂಚೆ ಅವರ ಕಿವಿಯ ಪಕ್ಕ ಹಿಡಿದು ಆಡಿಸಿದೆ. ಒಳಗೆ ನೀರು ತುಳುಕಿತು.

"ಕೇಳಿಸ್ತಾ ಅಣ್ಣೋರೆ?"

"ಕೇಳುಸ್ತು. ಕೊಡಿ" ಎಂದು ಕಿತ್ತುಕೊಂಡು ಹೋದರು.

ಕಾಯಿ ಚೆನ್ನಾಗಿ ಒಡೆಯಿತಂತೆ, ನೀರು ಎಲ್ಲರ ಕಾಲಿಗೂ ಸಿಡಿಯಿತಂತೆ. ಆಟ ಮೂರು ಗೋಲಿನಿಂದ ಸೋತೆವು. ಕಾಯಿಯ ಮಾತನ್ನು ಯಾರೂ ಎತ್ತಲಿಲ್ಲ.