ಮುದ್ದೆ ಜೊತೆ ಹೋದ ಹಲ್ಲಿನ ಚಿಪ್ಪು

"ನನ್ ಮುಂದಲ್ಲು ಎಲ್ಲೋಯ್ತು?" ಮುದ್ದೆ ಉಣ್ಣುತ್ತಿದ್ದ ಸೋದರಮಾವ ಕೂಗಿದ ಕೂಗಿಗೆ ಅರ್ಧ ತಿಗನಾರೆ ಊರೇ ನಮ್ಮ ಅಡುಗೆಮನೆಗೆ ಬಂತು. ಹೋದದ್ದು ಹಲ್ಲಲ್ಲ, ಹನ್ನೆರಡು ವರ್ಷದ ಹಿಂದೆ ಅದರ ಮೇಲೆ ಅಂಟಿಸಿದ್ದ ವೆನೀರ್ ಎಂಬ ಬಿಳಿ ಚಿಪ್ಪು. ಅಂಚು ಎದ್ದಿದೆ, ಬದಲಾಯಿಸಿ ಎಂದು ಡಾಕ್ಟರು ಹೇಳಿ ವರ್ಷವಾಗಿತ್ತು. "ಇನ್ನೂ ಪಳಪಳ ಅಂತದಲ್ಲ" ಎಂದು ಮಾವ ಮುಂದೂಡಿದ್ದರು. ಇನ್ನೊಂದು ಗಂಟೆಗೆ ಅವರ ಮಗಳ ನಿಶ್ಚಿತಾರ್ಥ!

ತಟ್ಟೆ ತಡಕಿದೆವು, ಸಾರು ಸೋಸಿದೆವು. ನಾನಂತೂ ಹುಂಜದ ಬಾಯನ್ನೂ ಬಿಡಿಸಿ ನೋಡಿದೆ, ಅದರ ಹತ್ತಿರವೂ ಹಲ್ಲಿರಲಿಲ್ಲ. ಕೊನೆಗೆ ಅಜ್ಜಿಗೆ ಹೊಳೆಯಿತು: "ಮುದ್ದೆ ಅಗೀಬ್ಯಾಡ, ನುಂಗ್ಲಾ ಅಂತ ಕಲಿಸ್ದೋಳು ನಾನೇ. ಮುಂದಲ್ಲನ್ನೂ ಸೇರ್ಸಿ ನುಂಗು ಅಂದಿದ್ನಾ?"

ನಿಶ್ಚಿತಾರ್ಥದ ಫೋಟೊಗೆ ಮಾವ ತುಟಿ ಹೊಲಿದುಕೊಂಡವರಂತೆ ನಿಂತರು. ಹೆಣ್ಣಿನ ಅಪ್ಪನಿಗೆ ಈ ಸಂಬಂಧ ಇಷ್ಟವಿಲ್ಲವೇನೋ ಎಂದು ಗಂಡಿನ ಕಡೆಯವರು ಗುಸುಗುಸು ಶುರುಮಾಡಿದರು. ಮಗಳ ಕಣ್ಣು ತುಂಬಿತು. "ಎಂಗಿದ್ರೂ ಸರಿ, ನಗಪ್ಪಾ" ಅಂದಳು. ಮಾವ ಬಾಯ್ತುಂಬ ನಕ್ಕರು. ಬಿಳಿ ಸಾಲಿನ ನಡುವಿಂದ ಒಂದು ಮೋಟು ಹಳದಿ ಹಲ್ಲು ಇಣುಕಿತು. ಬೀಗರೂ ಹೊಟ್ಟೆ ಹಿಡಿದುಕೊಂಡು ನಕ್ಕು ತಾಂಬೂಲ ಬದಲಾಯಿಸಿದರು.

ಸೋಮವಾರ ಮೊದಲ ಬಸ್ಸಿಗೇ ಮಾವ ದಿಂಬಂ ಘಾಟಿ ಇಳಿದು, ಹಲ್ಲಿನ ಡಾಕ್ಟರ ಹತ್ತಿರ ಹೊಸ ಚಿಪ್ಪಿಗೆ ಅಳತೆ ಕೊಟ್ಟು ಬಂದರು. ಗೋಡೆಯ ಮೇಲೆ ಮಾತ್ರ ಹಳದಿ ಹಲ್ಲಿನ ಫೋಟೊವೇ ಇದೆ. ಬೇರೆ ಯಾವುದನ್ನೂ ಹಾಕಲು ಮಗಳು ಬಿಡಲಿಲ್ಲ.