ಕಡಲ ತಳ ನೋಡಿಬಂದ ರೂಪ

ಆಗೆಲ್ಲ ಬೇಸಿಗೆ ರಜೆ ಬಂತೆಂದರೆ ಉಡಿಗಾಲದ ನಮ್ಮ ಮನೆ ತುಂಬ ಹುಣಸೆಹಣ್ಣಿನ ಹುಳಿವಾಸನೆ. ಅಜ್ಜಿ ಜಗುಲಿಯಲ್ಲಿ ಕೂತು ಬೀಜ ಬಿಡಿಸುತ್ತಿದ್ದರು. ಆ ಬೀಜಗಳಲ್ಲೇ ನಾವು ಅಳಗುಳಿಮಣೆ ಆಡುತ್ತಿದ್ದೆವು. ನನ್ನ ವಾರಿಗೆಯವರು ಆ ರಜೆಗಳನ್ನು ಆಸೆಯಿಂದ ನೆನೆಯುತ್ತಾರೆ. ನನಗೆ ಮಾತ್ರ ಒಂದು ರಜೆ ನೆನಪಾದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನಮ್ಮ ಚಿಕ್ಕಪ್ಪ ಸಮುದ್ರದ ತಳದ ನಕ್ಷೆ ತೆಗೆಯುವ ಹಡಗಿನಲ್ಲಿ ಕೆಲಸಕ್ಕಿದ್ದರು. ಹಡಗಿನಿಂದ ನೀರಿನೊಳಕ್ಕೆ ಶಬ್ದ ಬಿಡುತ್ತಾರೆ, ಅದು ತಳ ಮುಟ್ಟಿ ವಾಪಸು ಬರಲು ಹಿಡಿದ ಹೊತ್ತಿನ ಮೇಲೆ ಆಳ ಲೆಕ್ಕ ಹಾಕುತ್ತಾರೆ ಎಂದು ಅವರು ಮೊದಲು ಹೇಳಿದ್ದು ನನಗೇ.

"ಕಡಲಡೀಲೂ ಬೆಟ್ಟ ಅವೆ, ಹಳ್ಳ ಅವೆ ಕಣವ್ವ. ಹಡಗು ಕೊಚ್ಚಿಗೆ ಬಂದಾಗ ನಿನ್ನ ಕರ್ಕೊಂಡೋಗಿ ತೋರುಸ್ತೀನಿ" ಅಂದಿದ್ದರು. ರಜೆಗೆ ಬಂದಿದ್ದ ಹರದನಹಳ್ಳಿ ಅತ್ತೆಯ ಮಗಳು ರೂಪ ಪಕ್ಕದಲ್ಲಿ ಕೂತು ಕೇಳಿಸಿಕೊಂಡಿದ್ದಳು, ಅಷ್ಟೆ.

ಕೊಚ್ಚಿಗೆ ಹೊರಡುವ ಮುನ್ನಾದಿನ ನನಗೆ ಮೈತುಂಬ ಸೀತಾಳೆ ಸಿಡುಬು ಎದ್ದಿತು.

"ಅಮ್ಮ ಬಂದವ್ಳೆ, ಎಲ್ಗೂ ಓಗಂಗಿಲ್ಲ" ಎಂದು ಅಜ್ಜಿ ಬೇವಿನ ಸೊಪ್ಪು ಹಾಸಿ ಮಲಗಿಸಿದರು. ನನ್ನ ಬದಲು ರೂಪ ಹೊರಟಳು. ಅದೂ ನನ್ನ ಹೊಸ ಚಪ್ಪಲಿ ಮೆಟ್ಟಿಕೊಂಡು! ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿದ ಮೇಲೆ ಬಂಡೀಪುರದಲ್ಲಿ ಆನೆಯನ್ನೂ ನೋಡಿದಳಂತೆ.

ವಾಪಸು ಬಂದವಳು ಬಾಗಿಲಲ್ಲೇ ನಿಂತು ಶುರುಮಾಡಿದಳು. "ಕಂಪ್ಯೂಟರಲ್ಲಿ ಕಡಲ ತಳ ಕಾಣ್ತದೆ ಕಣಮ್ಮಿ. ಆಳ ಇರೋದೆಲ್ಲ ನೀಲಿ, ದಿಬ್ಬ ಎಲ್ಲ ಕೆಂಪು. ಮೌಸ್ ನಾನೇ ಹಿಡ್ಕೊಂಡಿದ್ದೆ."

"ಸುಳ್ಳಿ" ಎಂದು ನಾನು ಗೋಡೆಯತ್ತ ತಿರುಗಿ ಮಲಗಿದೆ. ಅವಳಿಗೂ ಅಮ್ಮ ಬರಲಿ ಎಂದು ಬೇಡಿಕೊಂಡೆ.

ಬಂತು. ಆದರೆ ಅವಳ ಜೊತೆ ವಾಪಸಾಗಿದ್ದ ಚಿಕ್ಕಪ್ಪ ಇನ್ನೂ ರಜೆಯಲ್ಲಿದ್ದರು. ಅವಳ ಮಗ್ಗುಲಲ್ಲಿ ಕೂತು ಬೇವಿನ ಸೊಪ್ಪಿನಲ್ಲಿ ಗಾಳಿ ಬೀಸುತ್ತಿದ್ದರು. ಹಡಗಿನ ಅಡುಗೆಯವನನ್ನು ನೆನೆದು ಇಬ್ಬರೂ ನಗುತ್ತಿದ್ದರು. ಆ ಅಡುಗೆಯವನು ಯಾರೆಂದೇ ನನಗೆ ಗೊತ್ತಿಲ್ಲ.

"ನಂಗೆ ಬಂದಾಗ ನೀನೆಲ್ಲಿದ್ದೆ ಚಿಕ್ಕಪ್ಪ?" ಎಂದೆ.

ಅವರ ಕೈ ನಿಂತಿತು. "ಮುಂದ್ಲ ಸಲ ನೀನೇ ಕಣವ್ವ" ಅಂದರು.

ಮುಂದಿನ ಸಲ ಬರುವಷ್ಟರಲ್ಲಿ ಅವರಿಗೆ ದೂರದ ಬಂದರಿಗೆ ವರ್ಗವಾಗಿತ್ತು.

ಈಗ ರೂಪ ಕೊಚ್ಚಿಯಲ್ಲಿ ಚಿಕ್ಕಪ್ಪನ ಹಾಗೇ ಕಡಲ ನಕ್ಷೆಯ ಕೆಲಸದಲ್ಲಿದ್ದಾಳೆ. ನಾನು ಗುಂಡ್ಲುಪೇಟೆಯಲ್ಲಿ ಮಕ್ಕಳಿಗೆ ಭೂಗೋಳ ಹೇಳಿಕೊಡುತ್ತೇನೆ. "ಬಾರೆ, ಹಡಗು ತೋರುಸ್ತೀನಿ" ಎಂದು ಅವಳು ಫೋನು ಮಾಡುತ್ತಲೇ ಇರುತ್ತಾಳೆ. ಕೊಚ್ಚಿಯ ಬಸ್ಸು ಗುಂಡ್ಲುಪೇಟೆಯ ಮೇಲೇ ಹೋಗುತ್ತದೆ, ನಾನು ಹತ್ತಿಲ್ಲ. ಚಿಕ್ಕಪ್ಪ ತೀರಿಕೊಂಡು ವರ್ಷಗಳಾದವು. ಅವರ ಪಕ್ಕದ ಸೀಟಿನಲ್ಲಿ ಕೂತು ಕಡಲಿಗೆ ಹೋಗಿಬಂದವಳು ಅವಳೊಬ್ಬಳೇ.